ಮೊದಲ ಮಾಲೀಕನ ವಾರಂಟಿ

ರಾಯಚೂರಿನ ಆ ಹಳೆ ಕಾರುಗಳ ದಲ್ಲಾಳಿ ಮಾತಾಡುವಾಗಲೆಲ್ಲ ತನ್ನ ಕರವಸ್ತ್ರದಿಂದಲೇ ಬಾನೆಟ್ ಒರೆಸುತ್ತಿದ್ದ. "ಬ್ಯಾಟರಿಗೆ ವಾರಂಟಿ ಅದರೀ, ಚಿಂತಿ ಬಿಡ್ರಿ" ಎಂಬುದು ಅವನ ಬಾಯಿಪಾಠ. ದೇವದುರ್ಗದಿಂದ ಅವ್ವನನ್ನು ಡಯಾಲಿಸಿಸ್‌ಗೆ ಕರೆತರಲೆಂದು ಅವನಿಂದ ಪೆಟ್ರೋಲ್ ಜೊತೆಗೆ ದೊಡ್ಡ ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ಕಾರು ಕೊಂಡೆ. ಅಂದು ನನ್ನ ಜೊತೆ ಬಂದಿದ್ದ ಅವ್ವನಿಗೆ "ಯವ್ವಾ, ಆರಾಮ್ ಕುಂದ್ರು" ಎಂದು ದಲ್ಲಾಳಿ ಹಿಂದಿನ ಸೀಟಿಗೆ ತಾನೇ ದಿಂಬು ಇಟ್ಟುಕೊಟ್ಟ.

ಬೇಸಿಗೆ ಮುಗಿಯುವ ಮೊದಲೇ ಬ್ಯಾಟರಿ ಕೆಟ್ಟು ಕಾರು ನಿಂತಿತು; ಹೊಸದು ಹಾಕಿಸಲು ಲಕ್ಷಗಟ್ಟಲೆ ಬೇಕು. ವಾರಂಟಿ ಮೊದಲ ಮಾಲೀಕನಿಗೆ ಮಾತ್ರ, ಕಾರು ಕೈಬದಲಾದಾಗಲೇ ಅದು ಮುಗಿಯಿತು ಎಂದರು ಸರ್ವಿಸ್ ಸೆಂಟರಿನವರು. ದಲ್ಲಾಳಿಯ ಬಳಿ ಹೋಗಿ ಜಗಳಕ್ಕೆ ನಿಂತೆ. ಅವನು ಮತ್ತೊಂದು ಕಾರಿನ ಬಾನೆಟ್ ಒರೆಸುತ್ತಲೇ ಇದ್ದ.

"ವಾರಂಟಿ ಅದ ಅಂದಿದ್ದು ಖರೆ. ನಿಮಗ ಅದ ಅಂತ ಎಲ್ಲಿ ಅಂದೀನ್ರೀ? ಬರ್ರಿ, ಚಾ ಕುಡೀರಿ."

ಮರುದಿನ ಡಯಾಲಿಸಿಸ್‌ಗೆ ಅವ್ವನನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತ ಅವ್ವನಲ್ಲಿ ದಲ್ಲಾಳಿಯನ್ನು ಬೈಯುವಷ್ಟೂ ಉಸಿರಿರಲಿಲ್ಲ.