ಮೊಣಕಾಲುದ್ದ ನೀರು

ಲಕ್ಷ್ಮೀದೇವಮ್ಮ, ನನ್ನ ಕಾಲು ಜಾರಲಿಲ್ಲ. ಭೈರವಾನಿತಿಪ್ಪ ಡ್ಯಾಮಿನಲ್ಲಿ ನಿಮ್ಮ ಗಂಡ ರಾಮಾಂಜಿ ಮುಳುಗುತ್ತಿದ್ದಾಗ ನಾನು ಜಾರಿ ಬಿದ್ದೆ, ಅದಕ್ಕೇ ಹತ್ತಿರ ಹೋಗಲಾಗಲಿಲ್ಲ ಎಂದು ಪೊಲೀಸರಿಗೂ ನಿಮಗೂ ಅರ್ಧ ರಾಯದುರ್ಗಕ್ಕೂ ಹೇಳಿದ್ದೆನಲ್ಲ — ಅದು ಸುಳ್ಳು. ನಾನು ಇಳಿದದ್ದು ಮೊಣಕಾಲುದ್ದ. ಹದಿನೈದು ವರ್ಷ ನೌಕಾಪಡೆಯಲ್ಲಿದ್ದವನು — ಮೊಣಕಾಲುದ್ದ.

ನಾನು ಎಂಥ ಪುಕ್ಕಲ ಎಂಬುದಕ್ಕೆ ನೀವೆಲ್ಲ ದಿನವೂ ಸಾಕ್ಷಿ. ನನ್ನ ಜೀನ್ಸ್ ಹೊಲಿಗೆ ಯೂನಿಟ್ಟಿನ ಬೀಗ ಹಾಕಿ, ಎಳೆದು ನೋಡಿ, ಗಲ್ಲಿಯ ಕೊನೆಯಿಂದ ವಾಪಸ್ ಬಂದು ಮತ್ತೆ ಎಳೆಯುತ್ತೇನೆ. ಬೇಸಿಗೆಯಲ್ಲೂ ಕೊಡೆ. "ನಿಮ್ಮ ಕೊಡಿ ನೋಡೇ ಮೋಡ ಬಳ್ಳಾರಿ ಕಡೆ ಓಡಿಹೊಕ್ಕಾವ್ರಿ ಸಾರ್" ಎಂದು ರಾಮಾಂಜಿಯೇ ಕಟಿಂಗ್ ಟೇಬಲ್ಲಿನಿಂದ ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ಆದರೂ ಯಾರಿಗೂ ಅನುಮಾನ ಬರಲಿಲ್ಲ. ಸಮುದ್ರ ನೋಡಿ ಬಂದವನು ಸಣ್ಣಪುಟ್ಟದಕ್ಕೆ ಹೆದರಿದರೆ ಊರು ಅದನ್ನು ಶಿಸ್ತು ಎಂದುಕೊಳ್ಳುತ್ತದೆ.

ನಾನು ಮಡಕಶಿರಾ ಕಡೆಯ ಶೇಂಗಾ ಹೊಲದಿಂದ ಎದ್ದುಹೋದವನು. ನೇವಿ ಸೇರುವವರೆಗೆ ಕಂಡಿದ್ದ ದೊಡ್ಡ ನೀರೆಂದರೆ ನಮ್ಮ ಬಾವಿಯದು. ಈಜಿನ ಪರೀಕ್ಷೆ ಪಾಸಾದೆ — ಕೊಳದಲ್ಲಿ, ಅಂಚು ಕೈಗೆ ಸಿಗುವಂತಿದ್ದಾಗ. ಆಮೇಲೊಂದು ದಿನ ಹಡಗಿನಿಂದ ದಡಕ್ಕೆ ಬರುತ್ತಿದ್ದ ನಮ್ಮ ಸಣ್ಣ ದೋಣಿ ಮಗುಚಿತು. ಜೊತೆಗಾರ ಥಾಮಸನನ್ನು ನಾನು ಎಳೆದುಕೊಂಡು ಈಜಿದ ಕಥೆಯನ್ನು ನೀವು ಪ್ರತಿ ಆಗಸ್ಟಿನಲ್ಲೂ ಬಾವುಟದ ಕೆಳಗೆ ಕೇಳಿದ್ದೀರಿ. ನಿಜವಾಗಿ ಈಜಿದವನು ಥಾಮಸ್. ನಾನು ಅವನ ಕುತ್ತಿಗೆಗೆ ಜೋತುಬಿದ್ದು ಅವನನ್ನೂ ಮುಳುಗಿಸುವುದರಲ್ಲಿದ್ದೆ. ಅವನು ನನ್ನ ಕೆನ್ನೆಗೆ ಬಾರಿಸಿ, ನನ್ನ ಪ್ಯಾಂಟು ಬಿಚ್ಚಿಸಿ, ಅದರ ಎರಡೂ ಕಾಲಿನ ತುದಿಗೆ ಗಂಟು ಹಾಕಿ, ಸೊಂಟದ ಬಾಯಿ ಅಗಲಿಸಿ ತಲೆಯ ಮೇಲಿಂದ ಬೀಸಿ ನೀರಿಗೆ ಒತ್ತಿದ. ಒದ್ದೆ ಬಟ್ಟೆ ಒಳಗಿನ ಗಾಳಿಯನ್ನು ಬೇಗ ಬಿಡುವುದಿಲ್ಲ. ಉಬ್ಬಿದ ಎರಡು ಕಾಲುಗಳ ನಡುವೆ ನನ್ನ ಕುತ್ತಿಗೆ ಸಿಕ್ಕಿಸಿದ. ನಮಗೆಲ್ಲ ಕಲಿಸಿದ್ದ ವಿದ್ಯೆಯೇ. ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ. ಇನ್ನೊಂದು ದೋಣಿ ಬರುವವರೆಗೆ ನಾನು ನನ್ನ ಪ್ಯಾಂಟಿನ ಮೇಲೆ ತೇಲಿದೆ — ಚಡ್ಡಿಯಲ್ಲಿ, ಅಳುತ್ತ.

ನೇವಿ ಸೇವೆಯ ಪದಕ ಹಾಕಿಕೊಂಡು ಶಾಲೆಯ ಮಕ್ಕಳ ಮುಂದೆ ಇದನ್ನು ಹೇಳುವುದು... ನಾಚಿಕೆಯಾಯಿತು. ಈಜಿದೆ ಎಂದೆ. ವರ್ಷದಿಂದ ವರ್ಷಕ್ಕೆ ಅಲೆಗಳು ಎತ್ತರವಾದವು. ರಕ್ತದಾನದ ಶಿಬಿರಕ್ಕೆ, ನಲ್ಲಿಯ ಜಗಳಕ್ಕೆ, ಮುದುಕಿಯರ ಪಿಂಚಣಿಗಾಗಿ ಮಂಡಲ್ ಆಫೀಸಿಗೆ — ಎಲ್ಲದಕ್ಕೂ ನೇವಿ ಸಾರ್. ನಾನೂ ಬೇಡವೆನ್ನಲಿಲ್ಲ.

ಆ ಅಮಾವಾಸ್ಯೆಯ ರಜೆಗೆ, ಡ್ಯಾಮಿಗೆ ನೀರು ಬಂದಿದೆಯೆಂದು ಟೆಂಪೋ ಮಾಡಿಕೊಂಡು ಹೋದೆವು. ನಿಮಗೆ ಜ್ವರ, ಚಿತ್ರಾನ್ನ ಮಾತ್ರ ಕಟ್ಟಿ ಕಳಿಸಿದ್ದಿರಿ. ರಾಮಾಂಜಿ ತಾನೇ ಕತ್ತರಿಸಿ ಹೊಲಿದ ಜೀನ್ಸಿನಲ್ಲೇ ನೀರಿಗಿಳಿದ. ಸೊಂಟಮಟ್ಟ ಹೋಗಿ ತಿರುಗಿ ನೋಡಿದ.

"ಸಾರ್, ಇನ್ನೊಂಚೂರು ಮುಂದಕ್ಕ ಹೋಗ್ಲೇನ್ರಿ?"

"ಹೋಗಪ್ಪ, ನಾನಿಲ್ವಾ!"

ಹೂಳು ಕುಸಿಯಿತೋ ಏನೋ — ಎದೆಮಟ್ಟದಲ್ಲಿದ್ದವನು ಒಮ್ಮೆಲೇ ಗಲ್ಲದವರೆಗೆ ಹೋದ. ದಡದಲ್ಲಿದ್ದವರು ಅವನನ್ನು ಬಿಟ್ಟು ನನ್ನನ್ನು ನೋಡಿದರು. ಬೆಳುಗುಪ್ಪದ ಎರ್ರಿಸ್ವಾಮಿ, ಬಾವಿಯಲ್ಲಿ ಈಜು ಕಲಿತ ಟೈಲರ್, ಆಗಲೇ ಅಂಗಿ ಬಿಚ್ಚುತ್ತಿದ್ದ. "ನಾ ಹೋಗ್ತೀನ್ರಿ ಸಾರ್!"

"ಯಾರೂ ಇಳೀಬೇಡ್ರೋ! ನಾನು ಹೋಗ್ತೀನಿ!"

ನಾನೇ ಕೂಗಿದ್ದು. ಕವಾಯತಿನ ದನಿಯಲ್ಲಿ. ಎರ್ರಿಸ್ವಾಮಿ ನಿಂತುಬಿಟ್ಟ. ನಾನು ಓಡಿದೆ — ನೀರು ಮೊಣಕಾಲಿಗೆ ಬಂತು — ಅಷ್ಟೇ. ಕಾಲು ನನ್ನ ಮಾತು ಕೇಳಲಿಲ್ಲ. ಅಲ್ಲೇ ಕೂತೆ. ನೋಡುವವರಿಗೆ ಬಿದ್ದಂತೆ ಕಂಡಿರಬೇಕು. ಎರ್ರಿಸ್ವಾಮಿ ನನ್ನನ್ನು ದಾಟಿ ಈಜಿಹೋಗುವ ಹೊತ್ತಿಗೆ ಅಲ್ಲಿ ನೀರಷ್ಟೇ ಇತ್ತು. "ಸಾರ್ ತಡದಿದ್ದಕ್ಕ ಇನ್ನೊಂದು ಹೆಣ ತಪ್ತು" ಎಂದು ಊರವರು ಹೇಳಿದ್ದನ್ನೂ ನಾನು ತಲೆತಗ್ಗಿಸಿ ಒಪ್ಪಿಕೊಂಡೆ.

ಮೀನುಗಾರರು ಅವನನ್ನು ಮೇಲೆತ್ತಿದ ಮೇಲೆ, ಸಂಜೆ, ನಾವು ವಾಪಸ್ ಹೊರಟಾಗ ಹುಡುಗರ ಒದ್ದೆ ಜೀನ್ಸ್‌ಗಳು ಟೆಂಪೋದ ಕಂಬಿಗೆ ಜೋತಾಡುತ್ತಿದ್ದವು. ಗಾಳಿ ತುಂಬಿ ಕಾಲುಗಳು ಉಬ್ಬಿದವು. ಆಗ ನೆನಪಾಯಿತು — ಆಗ! ಬಳ್ಳಾರಿಯ ಜೀನ್ಸ್ ಕೆಲಸ ಬಂದ ಮೇಲೆ ಈ ಊರಿನಲ್ಲಿ ಪ್ಯಾಂಟು ಕಾಣದ ಮನೆಯಿಲ್ಲ. ಒಂದೇ ಒಂದು ಆಗಸ್ಟಿನಲ್ಲಿ ನಾನು ನಿಜವಾದ ಕಥೆ ಹೇಳಿದ್ದರೆ, ನನ್ನ ಚಡ್ಡಿಗೆ ಊರು ನಕ್ಕಿದ್ದರೆ... ಕಣ್ಣುಮುಚ್ಚಿಕೊಂಡೇ ಪ್ಯಾಂಟಿನ ಹೊಲಿಗೆ ಬಿಚ್ಚಿ ಮತ್ತೆ ಜೋಡಿಸುತ್ತಿದ್ದವನು ರಾಮಾಂಜಿ. ಬದುಕಿಕೊಳ್ಳುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಅವನಿಗೆ ಆ ವಿದ್ಯೆ ಸಿಗದಂತೆ ಮಾಡಿದವನು ನಾನು ಎಂಬುದು ಗೊತ್ತು.

ತಿಥಿಯಾದ ಮೇಲೆ ನೀವು ಕೆಲಸಕ್ಕೆ ಬಂದಿರಿ. ಪ್ಯಾಂಟಿನ ಕಾಲಿನ ತುದಿ ಮಡಿಚಿ ಹೊಲಿಯುವ ಮಿಷಿನ್ ಕೊಟ್ಟೆ. ಥಾಮಸ್ ಗಂಟು ಹಾಕಿದ ಜಾಗ ಅದು. ಒಂದು ಮಧ್ಯಾಹ್ನ ದಾರ ಪೋಣಿಸುತ್ತ, ತಲೆಯೆತ್ತದೆ ಕೇಳಿದಿರಿ:

"ಸಾರ್, ಅವ್ರು ಏನಾರ ಕೂಗಿದ್ರೇನ್ರಿ?"

"ಇಲ್ಲಮ್ಮ. ಗೊತ್ತಾಗೋ ಮುಂಚೇನೇ ಮುಗ್ದೋಯ್ತು."

"ಅಷ್ಟಾರ ಆತಲ್ರಿ" ಎಂದು ಮಿಷಿನ್ ತುಳಿದಿರಿ. ಆ ಸಮಾಧಾನದ ಮೇಲೆ ನೀವು ಇಷ್ಟು ವರ್ಷ ನಿಂತಿದ್ದೀರಿ, ಅದರ ನೆರಳಿನಲ್ಲಿ ನಾನೂ.

ಈ ಆಗಸ್ಟಿನಲ್ಲಿ ಬಾವುಟದ ಕೆಳಗೆ ಎಲ್ಲವನ್ನೂ ಹೇಳುತ್ತೇನೆ. ಪ್ಯಾಂಟಿಗೆ ಗಂಟು ಹಾಕಿ ತೋರಿಸುತ್ತೇನೆ. ಆಮೇಲೆ ನೇವಿ ಸಾರ್ ಇರುವುದಿಲ್ಲ, ಇರಬಾರದು. ಆದರೆ ಒಂದು ಮಾತು ಊರಿಗಿಂತ ಮೊದಲು ನಿಮಗೆ ಸಲ್ಲಬೇಕು.

ಕೂಗಿದ, ಲಕ್ಷ್ಮೀದೇವಮ್ಮ. "ಸಾರ್, ಬರ್ರಿ" ಎಂದು — ಆಗಲೂ ಮರ್ಯಾದೆ ಬಿಡದೆ — ನನ್ನನ್ನೇ ಕೂಗಿದ. ದಡದ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ನಾನು ಮೊಣಕಾಲುದ್ದ ನೀರಿನಲ್ಲಿ ಕೂತು ಕೇಳಿಸಿಕೊಂಡೆ.