ಓಡಿ ನೋಡಿ, ಆಮೇಲೆ ಕೊಳ್ಳಿ

ನನ್ನ ದೊಡ್ಡಮ್ಮನ ಮಗನ ಕಂಪೆನಿಯ ಜಾಹೀರಾತು ಈಗ ಎಲ್ಲ ಕಡೆ ಬರುತ್ತಾ ಉಂಟು. ನೀವೂ ನೋಡಿರಬಹುದು. ಮಳೆ ಸುರಿಯುವ ಹಳ್ಳಿ ಮೈದಾನ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಹುಡುಗಿಯೊಬ್ಬಳು ಬರಿಗಾಲಲ್ಲಿ ಓಡುತ್ತಾಳೆ. ಹಿಂದಿನಿಂದ ಒಂದು ಗಂಭೀರ ಗಂಡು ಸ್ವರ ಕಥೆ ಹೇಳುತ್ತದೆ. ನೇತ್ರಾವತಿಯ ದಡದಲ್ಲಿ ಬರಿಗಾಲಿನ ಮಕ್ಕಳನ್ನು ಕಂಡು ಒಬ್ಬ ಯುವಕನ ಕರುಳು ಕರಗಿತಂತೆ. ಆ ಕರಗಿದ ಕರುಳಿನಿಂದ ಈ ಕಂಪೆನಿ ಹುಟ್ಟಿತಂತೆ. ಕೊನೆಗೆ ಯಾರದೋ ಕೈ ಬಂದು ಹುಡುಗಿಯ ಕಾಲಿಗೆ ಹೊಸ ಶೂ ಹಾಕುತ್ತದೆ, ಅವಳು ನಗುತ್ತಾಳೆ.

ಅಷ್ಟೂ ಸುಳ್ಳು. ನಾನು ಹೇಳುತ್ತೇನೆ, ಕೇಳಿ.

ನಾನು ಬೆಳ್ತಂಗಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಪೀಟಿ ಟೀಚರ್. ಸಿಳ್ಳೆ ಊದಿ ಊದಿ ತುಟಿ ಸವೆದ ಹೆಂಗಸು. ದೊಡ್ಡಮ್ಮನ ಮಗನನ್ನು ನಾನು ಅಣ್ಣ ಅಂತಲೇ ಕರೆಯುವುದು. ನಮ್ಮ ಕುಟುಂಬದ ಗಂಡಸರು ಮುಂಬಯಿಗೆ ಹೋಗಿ ಹೋಟೆಲು ಹಾಕುವವರು, ಇಲ್ಲವೇ ದುಬಾಯಿಗೆ ಹೋಗಿ ಕಾಗದ ಹಾಕುವವರು. ಇವನೊಬ್ಬ ಮಾತ್ರ ಬಂಟ್ವಾಳ ಪೇಟೆಯಲ್ಲಿ ಅಗಲಕ್ಕಿಂತ ಉದ್ದವೇ ಹೆಚ್ಚಿರುವ ಒಂದು ಕೋಣೆ ಹಿಡಿದು ಆಟದ ಸಾಮಾನಿನ ಅಂಗಡಿ ಇಟ್ಟ. ವಾಲಿಬಾಲು, ಕೇರಂ ಬೋರ್ಡು, ಕ್ಯಾನ್ವಾಸ್ ಶೂ. ದೊಡ್ಡಮ್ಮನಿಗೆ ನಾಚಿಕೆ. "ಇವ ದೊಡ್ಡವನಾಗುವುದು ಯಾವಾಗ? ಇನ್ನೂ ಚೆಂಡು ಹಿಡಿದುಕೊಂಡು ಕೂತಿದ್ದಾನೆ" ಅಂತ ಬಂದವರಲ್ಲೆಲ್ಲ ಹೇಳುತ್ತಿದ್ದರು.

ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ಬರುವುದು ಬಂಟ್ವಾಳದವರಿಗೆ ಹೊಸತಲ್ಲ. ನೀರಿನ ಬಣ್ಣ ಕಂಡ ಕೂಡಲೇ ಸಾಮಾನು ಅಟ್ಟಕ್ಕೆ ಏರಿಸುತ್ತಾರೆ. ಪಕ್ಕದ ಅಂಗಡಿಯ ಸಾಹೇಬರು ಅಣ್ಣನಿಗೂ ಹೇಳಿದ್ದರು, "ಧಣೀ, ಇವತ್ತು ನೀರು ಬರ್ತದೆ, ಮೇಲೆ ಇಡಿ." ಇವನು "ಈಗ ಬಂದೆ" ಅಂತ ಮೂಡಬಿದ್ರೆಗೆ ವಾಲಿಬಾಲ್ ಮ್ಯಾಚು ನೋಡಲು ಹೋದ. ಇವನು ತಿರುಗಿ ಬರುವುದರೊಳಗೆ ನದಿ ಬಂದು ಶೂಗಳನ್ನೆಲ್ಲ ಹಾಕಿ ನೋಡಿ ಆಗಿತ್ತು.

ಒದ್ದೆ ಶೂಗಳನ್ನು ಜೀಪಿನಲ್ಲಿ ತುಂಬಿಸಿ ಮನೆಗೆ ತಂದೆವು. ಬಿಸಿಲೆಲ್ಲಿ ಆಗ? ದೊಡ್ಡಮ್ಮನ ಮನೆಯಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಕೋಣೆ ಇತ್ತು. ಶೀಟು ನೇತುಹಾಕುವ ಬಿದಿರಿಗೆ ಶೂ ನೇತುಹಾಕಿದೆವು, ಕೆಳಗೆ ತೆಂಗಿನ ಸಿಪ್ಪೆ ಹಾಕಿ ಹೊಗೆ ಕೊಟ್ಟೆವು. ಅಡಿ ಬಾಯಿಬಿಟ್ಟದ್ದನ್ನು ಬಿಸಾಡಿ, ಉಳಿದದ್ದನ್ನು ಅಣ್ಣ ಅರ್ಧ ಕ್ರಯಕ್ಕೆ ಮಾರಲು ಇಟ್ಟ. ಜನ ಅದಕ್ಕೆ 'ನೆರೆ ಶೂ' ಅಂತ ಹೆಸರಿಟ್ಟರು.

ಹೆಸರಿಟ್ಟರೇ ಹೊರತು ಯಾರೂ ಕೊಳ್ಳಲಿಲ್ಲ. ನೀರು ಕುಡಿದ ಶೂ ಎಷ್ಟು ದಿನ ಬಂದೀತು ಅಂತ ಅನುಮಾನ. ಆಗ ಅಣ್ಣ ಒಂದು ತಗಡಿನ ಬೋರ್ಡು ಬರೆಸಿ ಬಾಗಿಲಿಗೆ ತೂಗು ಹಾಕಿದ: "ಓಡಿ ನೋಡಿ, ಆಮೇಲೆ ಕೊಳ್ಳಿ." ಶೂ ಹಾಕಿಕೊಂಡು ಮಾರ್ಗದ ಕೊನೆಯವರೆಗೆ ಓಡಿ ಬರಬೇಕು. ಹಿಡಿಸಿದರೆ ದುಡ್ಡು ಕೊಡುವುದು, ಇಲ್ಲದಿದ್ದರೆ ಬಿಚ್ಚಿಟ್ಟು ಹೋಗುವುದು. ಪೇಟೆಯಲ್ಲಿ ಅದೊಂದು ತಮಾಷೆಯೇ ಆಯಿತು. ಬಸ್ಸಿಗೆ ಕಾಯುವವರು ಬೊಂಡದ ನೀರು ಕುಡಿಯುತ್ತಾ ನೋಡುವರು. ಸಾಹೇಬರು ಕೇಳಿದರು, "ಅಲ್ಲ ಧಣೀ, ಹಾಕಿಕೊಂಡು ಹಾಗೇ ಓಡಿ ಹೋದರೆ?"

"ಓಡಿ ಹೋದರೆ ಶೂ ಒಳ್ಳೆದುಂಟು ಅಂತಾಯ್ತಲ್ಲ ಮಾರಾಯ್ರೇ!"

ಆ ಮಾತು ಮೂರು ತಾಲೂಕು ತಿರುಗಿತು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನನ್ನ ಹುಡುಗಿಯರನ್ನು ಬಸ್ಸು ಹತ್ತಿಸಿ ಅಲ್ಲಿಗೇ ಕರೆದುಕೊಂಡು ಹೋದೆ. ಬೆಳೆಯುವ ಕಾಲು ಅಂತ ಎಲ್ಲರ ಅಮ್ಮಂದಿರೂ ಒಂದು ಅಳತೆ ದೊಡ್ಡದೇ ತರಲು ಹೇಳಿದ್ದರು. ಬೆರಳಿನ ಹತ್ತಿರ ಬಟ್ಟೆ ತುರುಕಿಕೊಂಡು ಓಡಿದರು. ಆ ವರ್ಷದ ತಾಲೂಕು ಕ್ರೀಡಾಕೂಟದಲ್ಲಿ ನಮ್ಮ ಶಾಲೆಯ ಹುಡುಗಿಯರು ಸಾಲಿಗೆ ನಿಂತರೆ ರಬ್ಬರ್ ಹೊಗೆಯ ವಾಸನೆ. "ನಿಮ್ಮ ಮಕ್ಕಳು ಓಡುವ ಮೊದಲೇ ಹೊಗೆ ಎಬ್ಬಿಸ್ತಾರೆ ಟೀಚರ್" ಅಂತ ಬೇರೆ ಶಾಲೆಯ ಮಾಸ್ಟ್ರುಗಳ ಕುಶಾಲು.

ಕ್ರಯ ಇಳಿದರೆ ಜನ ಎಲ್ಲಿಂದೆಲ್ಲ ಬರುತ್ತಾರೆ ಅಂತ ಅಣ್ಣನಿಗೆ ಗೊತ್ತಾದದ್ದು ಹಾಗೆ. ಇಳಿದ ಕ್ರಯವನ್ನು ಮತ್ತೆ ಏರಿಸುವುದು ಯಾಕೆ ಅಂತ ಯೋಚಿಸಿದ. ನಡುವಿನ ಏಜೆಂಟರನ್ನು ಬಿಟ್ಟು ರೈಲು ಹತ್ತಿ ಉತ್ತರದ ಕಾರ್ಖಾನೆಗಳಿಗೆ ತಾನೇ ಹೋದ. ಮೂಡಬಿದ್ರೆಯಲ್ಲಿ ಎರಡನೇ ಅಂಗಡಿ. ಅಲ್ಲಿ ಹಾಸ್ಟೆಲುಗಳಲ್ಲಿ ಆಟಗಾರರೇ ತುಂಬಿದ್ದಾರಲ್ಲ. ಆಮೇಲೆ ಮಂಗಳೂರು. ದುಬಾಯಿಯಲ್ಲಿದ್ದ ನೆಂಟರು ಹೇಳಿದರು, ಇಲ್ಲಿ ಶುಕ್ರವಾರ ಆದರೆ ನಮ್ಮ ಹುಡುಗರು ಮರಳಿನಲ್ಲಿ ಕ್ರಿಕೆಟ್ ಆಡ್ತಾರೆ, ಕಡಿಮೆಗೆ ಬ್ಯಾಟು ಸಿಗುವುದಿಲ್ಲ ಅಂತ. ಅಲ್ಲಿಗೂ ಹೋದ. ಅಲ್ಲಿಂದ ಆಫ್ರಿಕ, ಅಲ್ಲಿಂದ ಯುರೋಪು. ಈಗ ಸಾಮಾನಿನ ಮೇಲಿನ ಗುರುತೂ ಅವನ ಕಂಪೆನಿಯದ್ದೇ.

ಅವನು ಬೆಳೆದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಸೋವಿಗೆ ಕೊಟ್ಟು ಬೆಳೆದ. ಈಗಲೂ ನನ್ನ ಹುಡುಗಿಯರ ಕಾಲಿನಲ್ಲಿ ಇರುವುದು ಅವನ ಶೂವೇ. ಅದಕ್ಕೇ ನನಗೆ ಇಷ್ಟು ಸಿಟ್ಟು ಬಂದದ್ದು.

ಕಳೆದ ಡಿಸೆಂಬರಿನಲ್ಲಿ ಜಾಹೀರಾತಿನವರು ನಮ್ಮ ಶಾಲೆಗೆ ಬಂದರು. ಇಲಾಖೆಯ ಅನುಮತಿ ಇತ್ತು. ಶಾಲೆಗೊಂದು ಹೊಸ ಗೇಟು ಮಾಡಿಸಿಕೊಡುತ್ತಾರೆ ಅಂತ ಹೆಡ್‌ಮಾಸ್ಟ್ರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ನನಗೂ ಸಂತೋಷವೇ. ನಾಲ್ಕು ಬಣ್ಣದ ಕೊಡೆ, ದೊಡ್ಡ ದೊಡ್ಡ ಕ್ಯಾಮೆರ. ಬಿಸಿಲೆಂದರೆ ಬಿಸಿಲು. ಅಷ್ಟರಲ್ಲಿ ಒಂದು ಟ್ಯಾಂಕರ್ ನೀರು ಬಂತು. ನಾವು ಬೆಳಿಗ್ಗೆ ಸುಣ್ಣದಲ್ಲಿ ಗೆರೆ ಎಳೆದಿದ್ದ ಟ್ರ್ಯಾಕಿನ ಮೇಲೆಯೇ ಪೈಪು ಹಿಡಿದು ಕೆಸರು ಮಾಡಿದರು. ಮಳೆಗಾಲ ಪೂರ್ತಿ ಮಕ್ಕಳು ಕೆಸರಿನಲ್ಲಿ ಜಾರದ ಹಾಗೆ ಕಾಯುವುದೇ ನನ್ನ ಕೆಲಸ. ಇವರು ದುಡ್ಡು ಕೊಟ್ಟು ಕೆಸರು ತಂದರು!

ಬೆಂಗಳೂರಿನ ಹುಡುಗಿಯೊಬ್ಬಳು ಹತ್ತಿರ ಬಂದು ನಯವಾಗಿ ಕೇಳಿದಳು. "ಮೇಡಂ, ಒಂದು ಚಿಕ್ಕ ಹೆಲ್ಪು. ಮಕ್ಳು ಶೂ ಬಿಚ್ತಾರಾ?"

"ಯಾಕೆ?"

"ಕಥೇಲಿ ಇನ್ನೂ ಶೂ ಬಂದಿರಲ್ಲ ಮೇಡಂ. ಶೂ ಕೊನೇಲಿ ಬರುತ್ತೆ."

"ಇವರ ಕಾಲಿನಲ್ಲಿ ಉಂಟಲ್ಲ? ನಿಮ್ಮ ಕಂಪೆನಿಯದ್ದೇ."

"ಅದೇ ಪ್ರಾಬ್ಲಮ್ಮು" ಅಂದಳು.

"ಕೊನೆಗೆ ಹಾಕುತ್ತೀರಲ್ಲ, ಆ ಶೂ ಮಕ್ಕಳಿಗೇ ಬಿಡುತ್ತೀರಾ?"

"ಅದು ಸ್ಯಾಂಪಲ್ ಮೇಡಂ, ವಾಪಸ್ ಕಳಿಸ್ಬೇಕು."

ಮುಂದೆ ನಿಂತು ಓಡುವುದಕ್ಕೆ ಅವರು ಆರಿಸಿದ್ದು ನಮ್ಮ ತಂಡದ ನಾಯಕಿಯನ್ನು. ದೊಡ್ಡವರು ಹೇಳಿದರೆ ಎದುರು ಮಾತಾಡದ ಮಗು. ಕೂತು ಲೇಸು ಬಿಚ್ಚತೊಡಗಿತು. ಅವಳ ಅಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಹಿಂದೆ ನನ್ನದೇ ವಿದ್ಯಾರ್ಥಿನಿ, ಆ ಹೊಗೆ ವಾಸನೆಯ ಶೂ ಹಾಕಿಕೊಂಡು ಓಡಿದವಳು. ಅಡುಗೆಕೋಣೆಯ ಬಾಗಿಲಿನಿಂದ ಇಣುಕಿದವಳು ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಟೀಚರೇ, ಕಾಲಿಗೆ ಎಂತ ಆಯ್ತು ಅವಳಿಗೆ?"

"ಕಾಲಿಗೆ ಏನೂ ಆಗಲಿಲ್ಲ. ಶೂ ಇಲ್ಲದ ಹುಡುಗಿ ಬೇಕಂತೆ ಇವರಿಗೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೆಂಗಳೂರಿನ ಹುಡುಗಿಯ ಕಡೆ ತಿರುಗಿ, ತುಳು ಬಿಟ್ಟು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಒಂದೊಂದೇ ಶಬ್ದ ಇಟ್ಟು ಹೇಳಿದಳು. "ನಾನು ಇಲ್ಲಿ ಅನ್ನ ಬೇಯಿಸಿ, ಮನೆಗೆ ಹೋಗಿ ಬೀಡಿ ಕಟ್ಟಿ, ಇವಳಿಗೆ ಶೂ ತೆಗೆದುಕೊಟ್ಟಿದ್ದೇನೆ. ಅದನ್ನು ಬಿಚ್ಚಿಸಿ, ಇವಳಿಗೆ ಕೊಡುವವರು ಯಾರೂ ಇರಲಿಲ್ಲ ಅಂತ ಪ್ರಪಂಚಕ್ಕೆ ತೋರಿಸ್ತೀರಾ? ಯಾಕೆ, ಇವಳ ಅಮ್ಮ ಸತ್ತಿದ್ದಾಳಾ?"

ಹೆಡ್‌ಮಾಸ್ಟ್ರು ನನ್ನ ಕಿವಿಯ ಹತ್ತಿರ, "ಟೀಚರ್, ಗೇಟು... ಗೇಟು..." ಅಂತ ಪಿಸುಗುಟ್ಟಿದರು.

ನಾನು ಅಣ್ಣನಿಗೆ ಫೋನು ಮಾಡಿದೆ. ಈಗ ಅವನು ಇರುವುದು ದುಬಾಯಿಯಲ್ಲೇ. ಪುಣ್ಯಕ್ಕೆ ಅವನೇ ಎತ್ತಿದ.

"ಎಂತ ತಂಗೀ, ಶೂಟಿಂಗು ಜೋರುಂಟಾ?"

"ಅಣ್ಣಾ, ಮಕ್ಕಳ ಶೂ ಬಿಚ್ಚಿಸ್ತಿದ್ದಾರೆ. ನಿಲ್ಲಿಸಲು ಹೇಳು."

"ಅದು ಸಿನೆಮಾದ ಹಾಗೆ ಮಾರಾಯ್ತಿ. ನಿಜ ಅಲ್ಲ, ಸುಮ್ಮನೆ."

"ಸುಮ್ಮನೆ ಆದರೆ ನಿನ್ನ ಮಗಳ ಶೂ ಬಿಚ್ಚಿಸಿ ಕೆಸರಿನಲ್ಲಿ ಓಡಿಸು. ನೆರೆ ಶೂವಿನ ಕಥೆ ಹೇಳಬಹುದಿತ್ತಲ್ಲ? ಹೊಗೆಕೋಣೆಯ ಕಥೆ? ಅದಕ್ಕೆ ಯಾರ ಶೂವೂ ಬಿಚ್ಚಿಸಬೇಕಾಗಿರಲಿಲ್ಲ."

ಅವನು ನಗಲಿಲ್ಲ. "ನೀರಿಗೆ ಬಿದ್ದ ಮಾಲು ಮಾರಿದ್ದೆವು ಅಂತ ಕಂಪೆನಿ ಹೇಳಿಕೊಳ್ಳಲಿಕ್ಕೆ ಆಗ್ತದಾ? ನನ್ನ ಕೈಯಲ್ಲಿ ಈಗ ಎಲ್ಲ ಇಲ್ಲ ತಂಗೀ. ಬೋರ್ಡು ಒಪ್ಪಿ ಆಗಿದೆ."

"ಯಾವ ಬೋರ್ಡು?"

"ಬೋರ್ಡು ಅಂದರೆ... ಕಂಪೆನಿ ನಡೆಸುವವರು."

"ನನಗೆ ಗೊತ್ತಿರುವ ನಿನ್ನ ಬೋರ್ಡು ಒಂದೇ, ಆ ತಗಡಿನದ್ದು. ಬಂಟ್ವಾಳದ ಅಂಗಡಿ ಮುಚ್ಚುವಾಗ ನೀನು ಗುಜರಿಗೆ ಹಾಕಲು ಹೊರಟಿದ್ದೆ. ನಾನು ತಂದು ಶಾಲೆಯಲ್ಲಿ ಜಾವೆಲಿನ್‌ಗಳ ಹಿಂದೆ ಇಟ್ಟಿದ್ದೇನೆ. ಅದು ಒಪ್ಪುವುದಿಲ್ಲ."

 "ಮತ್ತೆ ಮಾತಾಡುವ" ಅಂದ. ನಮ್ಮಲ್ಲಿ ಮತ್ತೆ ಮಾತಾಡುವ ಅಂದರೆ ಮಾತು ಮುಗಿಯಿತು ಅಂತ.

ನಮ್ಮ ಅಜ್ಜಿ ಹೇಳುತ್ತಿದ್ದರು, ಕೊಟ್ಟದ್ದನ್ನು ಹೇಳಬಾರದು, ಕೊಡದ್ದನ್ನು ಹೇಳಲೇಬಾರದು. ಅಣ್ಣನೂ ಅದೇ ಅಜ್ಜಿಯ ಕೈಯಲ್ಲಿ ಉಂಡವನು. ಯಾರಿಗೂ ದಾನ ಮಾಡಿ ಬೆಳೆದವನಲ್ಲ ಅವನು. ನಾವು ದುಡ್ಡು ಕೊಟ್ಟೆವು, ಅವನು ಶೂ ಕೊಟ್ಟ. ಸಮಕ್ಕೆ ಸಮ. ಅದಕ್ಕಿಂತ ಮರ್ಯಾದೆಯ ಕಥೆ ಬೇರೆ ಯಾವುದುಂಟು? ಈಗ ಅವನು ಕೊಡುವವನಾಗಬೇಕಾದರೆ ನಾವು ಬೇಡುವವರಾಗಬೇಕು. ದೊಡ್ಡವನಾಗಲು ಇವನಿಗೆ ನಮ್ಮ ಕಾಲು ಬರಿದಾಗಬೇಕಾ?

ನಾನು ಸಿಳ್ಳೆ ಊದಿದೆ. ಇಷ್ಟು ವರ್ಷ ಊದಿದ್ದರಲ್ಲಿ ಅಷ್ಟು ಜೋರಾಗಿ ಊದಿರಲಿಕ್ಕಿಲ್ಲ. "ಪೀಟಿ ಪೀರಿಯಡ್ ಮುಗೀತು. ಎಲ್ಲರೂ ಕ್ಲಾಸಿಗೆ!" ಮಕ್ಕಳು ಓಡಿದರು. ನಾಯಕಿಯ ಒಂದು ಶೂ ಬಿಚ್ಚಿ ಆಗಿತ್ತು. ಅವಳ ಅಮ್ಮ ಸೌಟನ್ನು ಹೆಡ್‌ಮಾಸ್ಟ್ರ ಕೈಗೆ ಕೊಟ್ಟು, ಕುಕ್ಕರಗಾಲಿನಲ್ಲಿ ಕೂತು, ಮಗಳ ಲೇಸು ಎರಡು ಗಂಟು ಹಾಕಿ ಬಿಗಿದಳು. ಹೊಸ ಅಂಗಿಯ ಮೇಲೆ ಸಾಂಬಾರು ತೊಟ್ಟಿಕ್ಕುತ್ತಿದ್ದರೂ ಹೆಡ್‌ಮಾಸ್ಟ್ರು ನಿಂತೇ ಇದ್ದರು. ಪಾಪ, ಅವರು ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಗೇಟು ಬರಲಿಲ್ಲ. ಹಳೇ ಗೇಟಿಗೆ ಹಗ್ಗ ಕಟ್ಟಿದ್ದೇವೆ.

ಜಾಹೀರಾತಿನವರು ಬೇರೆ ಎಲ್ಲಿಗೋ ಹೋಗಿ ಬೇರೆ ಯಾವುದೋ ಮಗುವನ್ನು ಓಡಿಸಿದರು. ಅದು ಗೊತ್ತಾದದ್ದು ಮೊನ್ನೆ. ನಾಯಕಿಯ ಕಾಲು ಬೆಳೆದು ಶೂ ಬಿಗಿಯಾಗಿದೆ ಅಂತ, ಅವಳನ್ನೂ ಅವಳ ಅಮ್ಮನನ್ನೂ ಕರೆದುಕೊಂಡು ಮೂಡಬಿದ್ರೆಯ ಅಂಗಡಿಗೆ ಹೋಗಿದ್ದೆ. ಬೇರೆ ಅಂಗಡಿಗೆ ಹೋಗುವ ಅಂದರೆ ಅವಳ ಅಮ್ಮ ಕೇಳಲಿಲ್ಲ. "ಶೂ ಎಂತ ತಪ್ಪು ಮಾಡಿದೆ ಟೀಚರೇ?" ಅಂದಳು. ಅಳತೆ ನೋಡುವಾಗ, ಒಮ್ಮೆ ಮಾರ್ಗದಲ್ಲಿ ಓಡಿ ನೋಡಬಹುದಾ ಅಂತ ಕೇಳಿದೆ. ಕೆಲಸದ ಹುಡುಗ ಗಾಬರಿಯಾಗಿ, "ಬಾಗಿಲು ದಾಟಿದರೆ ಸೈರನ್ ಹೊಡೀತದೆ ಮೇಡಂ" ಅಂದ.

ಗೋಡೆಯ ದೊಡ್ಡ ಟೀವಿಯಲ್ಲಿ ಆ ಜಾಹೀರಾತು ಓಡುತ್ತಿತ್ತು. ನಮ್ಮ ಹುಡುಗಿ ಒಂದು ಅಳತೆ ದೊಡ್ಡ ಶೂ ಹಾಕಿಕೊಂಡು ಅದರ ಎದುರು ನಿಂತು ಪೂರ್ತಿ ನೋಡಿದಳು. ಕೆಸರು, ಬರಿಗಾಲು, ಕರಗಿದ ಕರುಳು, ಹೊಸ ಶೂ, ನಗು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

"ಟೀಚರ್, ಇವಳಿಗೆ ಆ ಶೂ ಬಿಟ್ಟರಾ?"

ನಾನು ಫೋನು ತೆಗೆದೆ. ಅಲ್ಲೇ ನಿಂತು ಆ ಪ್ರಶ್ನೆಯನ್ನು ಇದ್ದ ಹಾಗೇ ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನೀಲಿ ಗುರುತು ಬಂದಿದೆ. ಓದಿದ್ದಾನೆ.