ಕರಡಿಗೆ ಬಿದ್ದ ಅಕ್ಕಿಕಾಳು

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆಗೆದು ನೋಡುವ ಕೆಲಸವನ್ನು ನಾನೂ ತಂಗಿಯೂ ಮುಂದೂಡುತ್ತಲೇ ಬಂದಿದ್ದೆವು. ಕೊನೆಗೆ ಈ ಬೇಸಿಗೆಯಲ್ಲಿ ತೆಗೆದೆವು. ಇಳಕಲ್ ಸೀರೆಗಳ ಅಡಿಯಲ್ಲಿ ಒಂದು ವಿಡಿಯೋ ಕ್ಯಾಸೆಟ್ ಇತ್ತು. ಡಬ್ಬಿ ಬಿಚ್ಚಿದ ಕೂಡಲೇ ನುಸಿಗುಳಿಗೆಯ ಜೊತೆಗೆ ಬೂಷ್ಟು ಹಿಡಿದ ಟೇಪಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಡಬ್ಬಿಯ ಮೇಲೆ ಗಣಪತಿ, ಕಳಶ, ‘ಶುಭವಿವಾಹ’ ಎಂಬ ಕೆಂಪಕ್ಷರ. ಕೆಳಗೆ ವಧೂವರರ ಹೆಸರಿಗೆಂದು ಬಿಟ್ಟ ಜಾಗದಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದದ್ದು ಒಂದೇ ಮಾತು: ಕರಡಿ.

ಅದು ವಿಡಿಯೋದಣ್ಣನ ಕೈಬರಹ. ಕೂಡ್ಲಿಗಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಅವನ ಸ್ಟುಡಿಯೋ, ಒಳಗೆ ಜಲಪಾತದ ಪರದೆ. ಎಂಥ ಬಿಸಿಲಿಗೂ ಜೇಬುಗಳೇ ತುಂಬಿದ ಒಂದು ಕೋಟು ತೊಡುತ್ತಿದ್ದ. ಆ ಜೇಬುಗಳಲ್ಲಿ ಎಲೆ ಅಡಿಕೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮದುವೆ ಮನೆಯಲ್ಲಿ ಮಾತ್ರ ಅವನದೇ ದರ್ಬಾರು. ಮುಹೂರ್ತಕ್ಕೆ ಸರಿಯಾಗಿ ಮಂತ್ರ ಹೇಳುವ ಅಯ್ಯನವರನ್ನೇ, “ಅಯ್ನೋರ, ಒಂಚೂರು ತಡೀರಿ, ಬ್ಯಾಟರಿ ಬದಲಸ್ತೀನಿ” ಎಂದು ನಿಲ್ಲಿಸಿದ ಭೂಪ ಅವನು. ನಮ್ಮ ಕಡೆ ಮದುವೆ ಎಂದರೆ ಅಕ್ಕಿಕಾಳು. ಗಟ್ಟಿಮೇಳ ಮೊಳಗಿದ ಗಳಿಗೆಗೆ ನೆರೆದವರೆಲ್ಲ ಎದ್ದು ವಧೂವರರ ತಲೆ ಮೇಲೆ ಬಣ್ಣದ ಅಕ್ಕಿ ಎರಚಿ ಹರಸುವುದು. ಊಟದ ಉಪ್ಪು ಹೆಚ್ಚಾದರೂ ಜನ ಮರೆಯುತ್ತಾರೆ, ಅಕ್ಕಿಕಾಳು ತಪ್ಪಿಸಿಕೊಂಡ ವಿಡಿಯೋದವನನ್ನು ಮರೆಯುವುದಿಲ್ಲ.

ಇವೆಲ್ಲ ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಆಗ ಕೂಡ್ಲಿಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಊರಾಚೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿದ್ದವು. ಶೇಂಗಾ, ಸೀತಾಫಲ ಬಂದ ಕಾಲಕ್ಕೆ ಅವು ಕೆಳಗೆ ಇಳಿಯುವುದು, ಜನ ತಮಟೆ ಬಡಿದು ಮೇಲಕ್ಕೆ ಅಟ್ಟುವುದು ಮೊದಲಿನಿಂದ ನಡೆದುಕೊಂಡು ಬಂದಿತ್ತು. ಆ ವರ್ಷ ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ಹೊಲಕ್ಕೆ ಹೋದ ಯುವಕನ ಮುಖಕ್ಕೆ ಕರಡಿ ಕೈ ಹಾಕಿತು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಅಮಾವಾಸ್ಯೆ ಕಳೆಯಲಿ, ಅದರ ಗವಿಯ ಬಾಯಿಗೆ ಒಣಹುಲ್ಲು ಒಟ್ಟಿ, ಮೆಣಸಿನಕಾಯಿ ಸುರಿದು ಹೊಗೆ ಹಾಕಿ ಮುಗಿಸೋಣ ಎಂದು ಹಳ್ಳಿಯವರು ಮಾತಾಡಿಕೊಂಡರು. ಅವರನ್ನು ತಪ್ಪು ಎನ್ನುವ ಧೈರ್ಯ ನನಗಿರಲಿಲ್ಲ. ಆ ಹುಡುಗನನ್ನು ಆಸ್ಪತ್ರೆಯಲ್ಲಿ ನಾನೂ ನೋಡಿ ಬಂದಿದ್ದೆ.

ಅದೇ ಹೊತ್ತಿಗೆ ಬೆಂಗಳೂರಿನ ಒಂದು ಬಳಗ ಗುಡ್ಡ ಹತ್ತುವವರ, ಹೊಳೆ ಈಜುವವರ, ಕಾಡು ಪ್ರಾಣಿಗಳ ಸಾಕ್ಷ್ಯಚಿತ್ರಗಳನ್ನು ಸಣ್ಣ ಸಣ್ಣ ಊರುಗಳಿಗೆ ಒಯ್ದು ತೋರಿಸುತ್ತಿತ್ತು. ಚಿತ್ರ, ಪ್ರೊಜೆಕ್ಟರು ಅವರದು. ಜಾಗ, ಜನ ನಮ್ಮದು. ಒಂದೇ ಷರತ್ತು, ನಿಮ್ಮೂರಿನದೂ ಒಂದು ಚಿತ್ರ ಇರಬೇಕು. ನಾವು ಕೆಲವು ಟೀಚರುಗಳು ಸೇರಿ ಒಪ್ಪಿಕೊಂಡೆವು. ಗವಿಯೊಳಗೆ ಮರಿಗಳಿವೆ ಎಂದು ಕುರಿ ಕಾಯುವವರು ಹೇಳಿದ್ದರು. ಹಳ್ಳಿಯವರು ಆ ಮರಿಗಳನ್ನೊಮ್ಮೆ ನೋಡಲಿ, ಆಮೇಲೆ ಅವರಿಷ್ಟ ಎನ್ನುವುದು ನಮ್ಮ ಆಸೆ. ಕ್ಯಾಮೆರಾ ಇದ್ದವನು ಊರಿಗೆ ಒಬ್ಬನೇ.

“ಕರಡಿ ಶೂಟಿಂಗ್ ಏನ್ರಿ ಟೀಚರ್ರ? ಮಾಡೋಣು. ಗಂಡಿನ ಕಡೆದಾರಕಿಂತ ಸಿಟ್ಟಿನ ಪ್ರಾಣಿ ಏನಲ್ಲ ಅದು,” ಎಂದ.

ಹೇಳಿದಷ್ಟು ಸುಲಭವಾಗಲಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ಗವಿಯ ಎದುರು ಬಂಡೆಗೆ ಎಷ್ಟೋ ಮುಂಜಾನೆ ಹೋಗಿ ಬಂದ. ಕರಡಿ ಕಾಣಲಿಲ್ಲ. ನವಿಲು, ಮುಂಗುಸಿ, ಒಮ್ಮೆ ಕಾನಹೊಸಹಳ್ಳಿಯ ಬಸ್ಸು ತಪ್ಪಿಸಿಕೊಂಡು ಅಡ್ಡದಾರಿ ಹಿಡಿದಿದ್ದ ಒಬ್ಬ ಹೆಡ್‌ಮಾಸ್ತರರು, ಇಷ್ಟೇ ಟೇಪಿನಲ್ಲಿ ಸಿಕ್ಕದ್ದು. ಅಷ್ಟರಲ್ಲಿ ನನ್ನ ತಂಗಿಯ ಮದುವೆ ಬಂತು. ಗಂಡಿನ ಊರು ಕೊಟ್ಟೂರು, ಮದುವೆ ಅಲ್ಲೇ. ವಿಡಿಯೋ ಅವನದೇ ಎಂದು ಅವ್ವ ಮೊದಲೇ ಎಲೆ ಅಡಿಕೆ ಕೊಟ್ಟಿದ್ದಳು.

ಮದುವೆಯ ದಿನ ಬೆಳಗ್ಗೆ, ಮುಹೂರ್ತಕ್ಕೆ ಹೇಗೂ ಹೊತ್ತಿದೆ, ಒಂದು ಸಲ ಹಣಿಕಿ ಹಾಕಿ ಹೋಗೋಣವೆಂದು ಅವನು ಗುಡ್ಡಕ್ಕೆ ಹೋದ. ಮೋಡ ಕವಿದು ತುಂತುರು ಹನಿಯುತ್ತಿತ್ತಂತೆ. ತಾಯಿ ಕರಡಿ ತಡವಾಗಿ ಗವಿಗೆ ಮರಳಿತು, ಬೆನ್ನ ಮೇಲೆ ಎರಡು ಮರಿ. ಒಳಗೆ ಹೋಗದೆ ಗವಿಯ ಬಾಯಲ್ಲೇ ಕೂತು ಮರಿಗಳನ್ನು ನೆಕ್ಕತೊಡಗಿತು. ಇತ್ತ ಕೊಟ್ಟೂರಿನಲ್ಲಿ ಗಟ್ಟಿಮೇಳ ಮೊಳಗಿತು, ಅಕ್ಕಿಕಾಳು ಬಿತ್ತು. ಅವ್ವ ಅಕ್ಕಿ ಎರಚುತ್ತಲೇ ಬಾಗಿಲ ಕಡೆ ನೋಡುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವನು ಬಂದಾಗ ಮೊದಲ ಪಂಕ್ತಿ ಮಜ್ಜಿಗೆಗೆ ಬಂದಿತ್ತು.

“ನನ್ನ ಮಗಳ ಅಕ್ಕಿಕಾಳು ಬಿಟ್ಟು ಕರಡಿ ಮಾರಿ ನೋಡಾಕ ಹೋಗಿದ್ದಿಯೇನೋ?” ಅವ್ವ ಬೀಗರೆದುರೇ ಕೇಳಿದಳು.

“ತಪ್ಪಾತ್ರಿ ಅಮ್ಮಾರ. ಮರಿ ಎರಡೂ ಬೆನ್ನ ಮ್ಯಾಲೆ ಕುಂತಿದ್ವು... ಕಣ್ಣು ಕೀಳಾಕ ಆಗ್ಲಿಲ್ಲ.” ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಅಂಚು ಹಿಂಡುತ್ತ ಒಂದು ಉಪಾಯವನ್ನೂ ಹೇಳಿದ: “ಬ್ಯಾರೆ ಮದಿವಿ ಅಕ್ಕಿಕಾಳು ನನ್ನತ್ರ ಐತ್ರಿ. ಮಾರಿ ಕಾಣಂಗಿಲ್ಲ, ಬರೇ ಕೈ. ಜೋಡಿಸಿ ಕೊಡ್ಲ್ಯಾ?”

“ಯಾರ್ದೋ ಕೈ ನನ್ನ ಮಗಳಿಗೆ ಹರಸೋದು ಬ್ಯಾಡ,” ಎಂದಳು ಅವ್ವ. ಅವನೊಡನೆ ಅವಳು ಆಡಿದ ಮಾತು ಅದೇ ಕಡೆಯದು.

ಸುದ್ದಿ ಅವನಿಗಿಂತ ಮೊದಲು ಕೂಡ್ಲಿಗಿ ತಲುಪಿತು. ಆ ಹಂಗಾಮಿನ ಮದುವೆಗಳು ಒಂದೊಂದಾಗಿ ಹಗರಿಬೊಮ್ಮನಹಳ್ಳಿಯ ಸ್ಟುಡಿಯೋದವರ ಪಾಲಾದವು. ಅವನು ಮಾತ್ರ ಅಂಗಡಿಯಲ್ಲಿ ಕೂತು, ಮದುವೆ ವಿಡಿಯೋಗಳಿಗೆ ಹೂವು ಹೃದಯ ಸೇರಿಸುವ ಮಿಕ್ಸರ್ ಯಂತ್ರದಲ್ಲೇ ಕರಡಿ ಚಿತ್ರ ಜೋಡಿಸುತ್ತಿದ್ದ. ಒಂದು ಸಂಜೆ ನನ್ನನ್ನು ಕರೆದು ತೋರಿಸಿದ. ಮೊದಲಿಗೆ ಗುಲಾಬಿ ಅರಳಿ ‘ಸುಸ್ವಾಗತ’ ಎಂದು ಬಂತು. ಕರಡಿಯ ಮುಖ ಹೃದಯದ ಆಕಾರದೊಳಗೆ ಕೂತಿತ್ತು. ಪುಟ ಮಗುಚಿದ ಹಾಗೆ ಪರದೆ ತಿರುಗಿ ಮರಿಗಳು ಬಂದವು. ಕೊನೆಗೆ ತಾಯಿ ಮರಿಗಳನ್ನು ನೆಕ್ಕುವಾಗ ಹಿನ್ನೆಲೆಗೆ ಗಟ್ಟಿಮೇಳ... ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಬೆಂಗಳೂರಿನವರ ಎದುರು ಮಾನ ಹೋಯಿತು ಎನ್ನುವ ಹೆದರಿಕೆ.

“ಮಿಕ್ಸರಿನ್ಯಾಗ ಇರೋದು ಇಷ್ಟ ಟೀಚರ್ರ,” ಎಂದ. “ಮತ್ತ ಗಟ್ಟಿಮೇಳ ಬಂದ್ರ ಮಲಗಿದಾರೂ ಎದ್ದು ಕುಂದರ್ತಾರ. ಬಿಡ್ರಿ, ಹಂಗ ಇರ್ಲಿ.” ಬದಲಾಯಿಸಲು ಸಮಯವೂ ಇರಲಿಲ್ಲ.

ಚಿತ್ರೋತ್ಸವ ನಡೆದದ್ದು ಕಲ್ಯಾಣ ಮಂಟಪದಲ್ಲಿ, ಮಟಮಟ ಮಧ್ಯಾಹ್ನ. ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಕತ್ತಲು ಮಾಡಿದ್ದೆವು. ಗುಡ್ಡದ ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಬಂದರು. ಕಣ್ಣು ಕಳೆದುಕೊಂಡ ಹುಡುಗ ಬರಲಿಲ್ಲ, ಅವನ ತಾಯಿ ಬಂದು ಮುಂದಿನ ಸಾಲಿನಲ್ಲಿ ಕೂತಳು. ಅವ್ವನೂ ಓಣಿಯ ಹೆಂಗಸರೊಡನೆ ಬಂದಳು, ವಿಡಿಯೋದಣ್ಣನನ್ನು ಕಂಡು ಮುಖ ಆ ಕಡೆ ಮಾಡಿ ಹಿಂದೆ ಹೋದಳು. ಹೊರಗೆ ಮಿರ್ಚಿ ಮಂಡಕ್ಕಿಯವನು ಗಾಡಿ ಹಚ್ಚಿದ್ದರಿಂದ ಎಲ್ಲರ ಕೈಯಲ್ಲೂ ಕಾಗದದ ಪೊಟ್ಟಣ.

ಮೊದಲು ಹಿಮದ ಪರ್ವತ ಹತ್ತುವವರ ಚಿತ್ರ. ಹಗ್ಗ ಕಟ್ಟಿಕೊಂಡು, ಮೂಗು ಕಪ್ಪಾಗಿಸಿಕೊಂಡು ಅವರು ತುದಿ ಮುಟ್ಟಿದರು. ಒಬ್ಬ ಅಜ್ಜ ಗಟ್ಟಿಯಾಗಿಯೇ ಕೇಳಿದ, “ಅಷ್ಟು ಮ್ಯಾಲೆ ಯಾಕ ಹೋದ್ರಪಾ? ಗುಡಿ ಇಲ್ಲ, ಏನಿಲ್ಲ.” ಭೋರ್ಗರೆಯುವ ಹೊಳೆಯಲ್ಲಿ ದೋಣಿ ಇಳಿಸುವವರನ್ನು ನೋಡಿ, “ಹಂಪಸಾಗರದಾಗ ಹರಿಗೋಲಿನ್ಯಾಗ ಕುಂತ್ರ ಇದಕಿಂತ ಜಾಸ್ತಿ ಅಂಜಿಕಿ ಆಕ್ಕೈತಿ,” ಎಂದರು ಇನ್ನೊಬ್ಬರು. ಬೆಂಗಳೂರಿನವರು ನಗುತ್ತಿದ್ದರೂ ಮುಖ ಸಣ್ಣದಾಗಿತ್ತು. ಅರ್ಧ ಜನ ತೂಕಡಿಸುತ್ತಿದ್ದರು.

ಆಮೇಲೆ ಗುಲಾಬಿ ಅರಳಿತು. ‘ಸುಸ್ವಾಗತ’ ಕಂಡು ಜನ ನಕ್ಕರು, ಸರಿಯಾಗಿ ಕೂತರು. ಇದು ಅವರಿಗೆ ಗೊತ್ತಿದ್ದ ಸಿನಿಮಾ. ತಾಯಿಯ ಬೆನ್ನ ಮೇಲೆ ಮರಿಗಳು ಬಂದಾಗ ಹೆಂಗಸರೆಲ್ಲ ಒಟ್ಟಿಗೆ ಲೊಚಗುಟ್ಟಿದರು. ತಾಯಿ ಕೂತು ನೆಕ್ಕತೊಡಗಿದಾಗ ಗಟ್ಟಿಮೇಳ ಮೊಳಗಿತು. ಕೂತಿದ್ದದ್ದು ಕಲ್ಯಾಣ ಮಂಟಪ, ಕೈಯಲ್ಲಿ ಮಂಡಕ್ಕಿ. ಜನ್ಮಕ್ಕಂಟಿದ ರೂಢಿ, ಯೋಚನೆಗೆ ಎಡೆಯೆಲ್ಲಿ? ಮುಂದಿನ ಸಾಲಿನವರು ಎದ್ದು ಮಂಡಕ್ಕಿ ಎರಚಿಯೇಬಿಟ್ಟರು. ನೋಡಿದವರು ತಾವೂ ಎರಚಿದರು. ಪರದೆಯ ಮೇಲೆ, ಕರಡಿಯ ಮೇಲೆ, ಮರಿಗಳ ಮೇಲೆ ಮಂಡಕ್ಕಿ ಸುರಿಯಿತು. ಅಷ್ಟರಲ್ಲಿ ಭಗ್ಗೆಂದು ಬೆಳಕು ಬಿತ್ತು. ವಿಡಿಯೋದಣ್ಣ ತನ್ನ ಫೋಕಸ್ ಲೈಟು ಹಚ್ಚಿ, ಕ್ಯಾಮೆರಾದಲ್ಲಿ ಜನರ ಮುಖ ಹಿಡಿಯುತ್ತ ಸಾಲಿನಿಂದ ಸಾಲಿಗೆ ಓಡುತ್ತಿದ್ದ. ಪರದೆ ಬೆಳ್ಳಗಾಗಿ ಏನೂ ಕಾಣದಾಯಿತು. “ಲೇ, ಲೈಟ್ ಆರಸೋ!” ಎಂದು ಎಲ್ಲ ಕಡೆಯಿಂದ ಕೂಗು. ಅವನು ಆರಿಸಲಿಲ್ಲ. ಅಕ್ಕಿಕಾಳಿನ ಹೊತ್ತಿಗೆ ಲೈಟು ಆರಿಸುವುದು ಅವನ ಕಸುಬಿನಲ್ಲೇ ಇರಲಿಲ್ಲ.

ಚಿತ್ರ ಮುಗಿದ ಮೇಲೆ ಹಳ್ಳಿಯ ಗಂಡಸರು ಟ್ರ್ಯಾಕ್ಟರಿನ ಹತ್ತಿರ ನಿಂತು ಹೊಗೆಯ ಮಾತೆತ್ತಿದರು. ಹುಡುಗನ ತಾಯಿ ಸೆರಗಿಗೆ ಅಂಟಿದ್ದ ಮಂಡಕ್ಕಿ ಕೊಡವುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಅಕ್ಕಿಕಾಳು ಹಾಕೀನಿ. ಹಾಕಿದ ಕೈಲೆ ಹೊಗಿ ಹಾಕಾಕ ಬರಂಗಿಲ್ಲ.”

“ಯವ್ವಾ, ಅದು ಮಂಡಕ್ಕಿ,” ಎಂದ ಯಾರೋ.

“ಮನಸು ಅಕ್ಕಿಕಾಳಿಂದೇ ಇತ್ತು,” ಎಂದು ಟ್ರ್ಯಾಕ್ಟರು ಹತ್ತಿ ಕೂತಳು.

ಕಣ್ಣು ಕಳೆದುಕೊಂಡವನ ತಾಯಿಯೇ ಹಾಗೆಂದ ಮೇಲೆ ಉಳಿದವರು ಏನೆಂದಾರು? ಅಮಾವಾಸ್ಯೆ ಕಳೆಯಿತು, ಗವಿಗೆ ಯಾರೂ ಹೊಗೆ ಹಾಕಲಿಲ್ಲ. ಬೆಂಗಳೂರಿನವರು ಮರುವರ್ಷ ಬರುತ್ತೇವೆಂದು ಹೋದರು, ಬರಲಿಲ್ಲ. ನಮ್ಮ ಊರಿನ ಚಿತ್ರೋತ್ಸವ ಅಲ್ಲೇ ಮೊದಲಾಗಿ ಅಲ್ಲಿಗೇ ಮುಗಿಯಿತು.

ಕೆಲವು ದಿನ ಬಿಟ್ಟು ವಿಡಿಯೋದಣ್ಣ ಮನೆಗೆ ಬಂದು ಈ ಕ್ಯಾಸೆಟ್ ಕಟ್ಟೆಯ ಮೇಲಿಟ್ಟ. “ಕಡೀತನಕ ನೋಡ್ರಿ ಅಮ್ಮಾರ,” ಎಂದ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೇಲಕ್ಕೆ ನೋಡಲಿಲ್ಲ. ಮಂಟಪದಲ್ಲಿ ನೋಡಿದ ಕರಡಿಯನ್ನೇ ಮತ್ತೆ ಏನು ನೋಡುವುದು ಎಂದು ನಾನೂ ಸುಮ್ಮನಾದೆ. ನಮ್ಮ ಮನೆಯಲ್ಲಿ ಪ್ಲೇಯರೂ ಇರಲಿಲ್ಲ. ಕ್ಯಾಸೆಟ್ ಆಮೇಲೆ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಮದುವೆಗಳು ಅವನಿಗೆ ಮರಳಿ ಬರಲಿಲ್ಲ. ಅಂಗಡಿ ಮುಚ್ಚಿ ಹೂವಿನಹಡಗಲಿಗೆ, ತನ್ನ ಅಕ್ಕನ ಊರಿಗೆ ಹೋದ, ಅಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಡುತ್ತಿದ್ದ ಎಂದು ಕೇಳಿದೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ್ದ. ಅದೇ ಕೋಟು. “ಮರಿ ದೊಡ್ಡವು ಆಗಿರ್ತಾವಲ್ರಿ ಟೀಚರ್ರ?” ಎಂದು ಕೇಳಿದ, ಬೇರೇನೂ ಕೇಳಲಿಲ್ಲ. ಅವನು ಸತ್ತ ಸುದ್ದಿ ನನಗೆ ಮುಟ್ಟಿದ್ದು ಬಹಳ ತಡವಾಗಿ, ಹಡಗಲಿಯಿಂದ ಬಂದ ಸಹೋದ್ಯೋಗಿಯೊಬ್ಬರ ಮಾತಿನ ನಡುವೆ...

ಟ್ರಂಕಿನಲ್ಲಿ ಸಿಕ್ಕ ಕ್ಯಾಸೆಟ್ಟನ್ನು ಹೊಸಪೇಟೆಯ ಒಂದು ಅಂಗಡಿಗೆ ಒಯ್ದೆವು. ಹಳೆಯ ಟೇಪುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವವರು. ಕರಡಿಯ ಭಾಗವನ್ನು ಬೂಷ್ಟು ತಿಂದುಬಿಟ್ಟಿತ್ತು. ಗೆರೆಗಳ ನಡುವೆ ಒಂದು ಕಪ್ಪು ಬೆನ್ನು ಅಷ್ಟೇ. ಸಾಕು ನಿಲ್ಲಿಸಿ ಎನ್ನುವಷ್ಟರಲ್ಲಿ ಗೆರೆಗಳು ಹೋಗಿ ಚಿತ್ರ ತಿಳಿಯಾಯಿತು. ಕಲ್ಯಾಣ ಮಂಟಪ, ಫೋಕಸ್ ಲೈಟಿನ ಬೆಳಕು, ಮುಖಗಳು. ಕ್ಯಾಮೆರಾ ಸಾಲುಗಳನ್ನು ದಾಟಿ ಹಿಂದಕ್ಕೆ ಹೋಗಿ ಒಂದು ಕಡೆ ನಿಂತಿತು. ಅಲ್ಲಿ ಅವ್ವ. ನಗುತ್ತಿದ್ದಳು, ಕೈ ಮೇಲೆತ್ತಿ ಮಂಡಕ್ಕಿ ಎರಚುತ್ತಿದ್ದಳು. ಆ ಕೈಯನ್ನು ಅವನು ನಿಧಾನ ಮಾಡಿದ್ದ. ಪರದೆಯ ಕೆಳಮೂಲೆಯಲ್ಲಿ ಹೃದಯದ ಆಕಾರ ಮೂಡಿತು, ಅದರೊಳಗೆ ಬಾಸಿಂಗ ಕಟ್ಟಿಕೊಂಡ ತಂಗಿ ಮತ್ತು ಅವಳ ಗಂಡ. ಅವ್ವನ ಕೈಯಿಂದ ಹೊರಟ ಕಾಳು ಅವರ ತಲೆ ಮೇಲೆ ಬೀಳುವ ಹಾಗೆ ಜೋಡಿಸಿದ್ದ.

ಅವ್ವ ಇದನ್ನು ಯಾರ ಮನೆಯಲ್ಲಾದರೂ ಹಾಕಿಸಿಕೊಂಡು ನೋಡಿದ್ದಳೋ ಇಲ್ಲವೋ, ಕೇಳೋಣವೆಂದರೆ ಅವಳಿಲ್ಲ. ತಂದಿಟ್ಟವನೂ ಇಲ್ಲ.

“ಇನ್ನೊಮ್ಮಿ ಹಾಕ್ರಿ,” ಎಂದಳು ತಂಗಿ. ಅಂಗಡಿಯವನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಗಟ್ಟಿಮೇಳ ಮೊಳಗಿತು, ಅವ್ವನ ಕೈ ಮೇಲೆದ್ದಿತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ತಂಗಿ ಮದುಮಗಳ ಹಾಗೆ ತಲೆ ತಗ್ಗಿಸಿದಳು.